ಕುವೆಂಪು ಮನೆ ಕ್ವಿಜ್, ಬಳ್ಳಾರಿ: ‘ಹುಟ್ಟಿ ಬೆಳೆದ ಮನೆ’ ಪ್ರಶ್ನೆಯ ಮಾರ್ಕ್ಸ್ ಯಾರಿಗೆ ಸೇರಬೇಕಿತ್ತು?

ಗವಿಮಠದ ಓಣಿ, ಕೊಪ್ಪಳ
ವಿಶ್ವಮಾನವ ದಿನದ ನಿಮಿತ್ತ ಬಳ್ಳಾರಿಯೊಳಗ ನಡೆದ ಕ್ವಿಜ್‌ಗೆ ನಾವು ಮೂರು ಮಂದಿ ಕೊಪ್ಪಳದಿಂದ ಹೋಗಿದ್ವಿ. ವಿಷಯ ಛಲೋ ಇತ್ತು: ಕುವೆಂಪು ಅವರ ಮನಿ, ಮನಿಮಂದಿ, ಸಂಸಾರ. ಪ್ರಶಸ್ತಿ ಪಟ್ಟಿ, ಸಂಕಲನದ ಇಸವಿ ಬಾಯಿಪಾಠ ಮಾಡಿ ಬಂದವರಿಗೆ ಇಲ್ಲಿ ಕೆಲಸ ಇಲ್ಲ ಅಂತ ಮೊದಲ ಹೇಳಿದ್ರು. ಅದಕ್ಕ ಹುರುಪಿನಿಂದ ಹೋದ್ವಿ.

ಕಡೇ ಸುತ್ತಿನ್ಯಾಗ ಬಂದ ಪ್ರಶ್ನೆ ಇದು: ‘ಕುವೆಂಪು ಅವರು ಹುಟ್ಟಿ ಬೆಳೆದ ಮನೆ ಯಾವ ಜಿಲ್ಲೆಯಲ್ಲಿದೆ?’ ಬಜರ್ ಮೊದಲು ಒತ್ತಿದವರು ನಾವು. ಚಿಕ್ಕಮಗಳೂರು ಅಂದ್ವಿ. ತಪ್ಪು ಅಂತ ಐದು ಮಾರ್ಕ್ಸ್ ಕಳದ್ರು. ಬಾಜೂ ಟೇಬಲ್ಲಿನ ಬಳ್ಳಾರಿ ಹುಡುಗ್ರು ಶಿವಮೊಗ್ಗ ಅಂದ್ರು, ಅವರಿಗೆ ಹತ್ತು. ಕಡೀಕೆ ನಾವು ಸೋತಿದ್ದು ಹತ್ತ ಮಾರ್ಕ್ಸಿಗೆ. ಲೆಕ್ಕ ನೀವ ಹಾಕ್ರಿ.

ಬಹುಮಾನ ಹೋತು ಅಂತ ಅಳಾಕ ಬಂದಿಲ್ಲ. ಅವರು ಹುಟ್ಟಿದ್ದು ಹಿರೇಕೊಡಿಗೆಯೊಳಗ, ತಾಯಿ ತವರುಮನಿಯೊಳಗ. ಅದು ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲಾ. ಇದು ತಪ್ಪು ಹೆಂಗ ಆಗ್ತದ ಅಂತ ಯಾರಾದ್ರೂ ಹೇಳ್ರಿ.

ಕೋಟೆ ಕೆಳಗಿನವ, ಬಳ್ಳಾರಿ
ನಾನು ಅಲ್ಲೇ ಮೂರನೇ ಸಾಲಿನಾಗ ಕುಂತಿದ್ದೆ. ನಿಮ್ಮ ಟೇಬಲ್ಲಿನ ಕೆಂಪು ಬಲ್ಬು ಮೊದಲು ಹತ್ತಿದ್ದು ಖರೆ. ಆದ್ರ ನೀವು ಉತ್ತರ ಹೇಳಿ ಸುಮ್ಮನ ಕುಂತ್ರಿ. ‘ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಒಂದು ಕಡೆ, ನಿಮಗ ಯಾವುದು ಬೇಕು’ ಅಂತ ಅಲ್ಲೇ ಮೈಕಿನ್ಯಾಗ ಕೇಳಿದ್ರ ಮುಗೀತಿತ್ತು. ಮಾರ್ಕ್ಸ್ ಕಳೆದ ಮ್ಯಾಲೆ ಎದ್ದು ನಿಂತು ಕೈ ಮಾಡಿದ್ರ ಯಾರು ಕೇಳ್ತಾರ? ಅಷ್ಟೊತ್ತಿಗೆ ಒಗ್ಗರಣಿ-ಮಿರ್ಚಿ ಬಂದಿತ್ತು, ಅರ್ಧ ಸಭಾ ಹೊರಗ ಹೋಗಿತ್ತು.

ಗವಿಮಠದ ಓಣಿ, ಕೊಪ್ಪಳ
ಕೇಳಿದ್ವಿ ಅಣ್ಣಾರ. ‘ಪ್ರಶ್ನೆ ಮತ್ತೊಮ್ಮೆ ಓದ್ರಿ’ ಅಂದ್ವಿ. ಓದಿದ್ರು, ಅದನ್ನ ಓದಿದ್ರು. ಇದ್ದದ್ದು ಹತ್ತು ಸೆಕೆಂಡು.

ಬಿಸಿಲೂರು, ರಾಯಚೂರು
ಇದರಾಗ ವಾದ ಏನದ? 29 ಡಿಸೆಂಬರ್ 1904, ಹಿರೇಕೊಡಿಗೆ. ತಂದಿ ವೆಂಕಟಪ್ಪಗೌಡ್ರು, ತಾಯಿ ಸೀತಮ್ಮ. ಬೆಳದದ್ದು ಕುಪ್ಪಳಿಯೊಳಗ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲಾ. ಎರಡು ಮನಿ, ಎರಡು ತಾಲ್ಲೂಕು, ಎರಡು ಜಿಲ್ಲಾ. ಒಂದ ಮನಿ ಅಂತ ಹಿಡದು ಪ್ರಶ್ನಿ ಮಾಡಿದ್ರ ಉತ್ತರನ ಇಲ್ಲ. ನನ್ನ ಕೇಳಿದ್ರ ಆ ಪ್ರಶ್ನಿ ರದ್ದು ಆಗಬೇಕು, ಎರಡೂ ತಂಡಕ್ಕ ಸೊನ್ನಿ.

ಪಿಡಿಒ ಆಗೇ ಆಗ್ತೀನಿ, ಸಿಂಧನೂರು
ಕೋಚಿಂಗ್ ನೋಟ್ಸಿನಲ್ಲಿ ಕುವೆಂಪು, ಕುಪ್ಪಳಿ, ಶಿವಮೊಗ್ಗ ಅಂತಲೇ ಇದೆ. ಹಿರೇಕೊಡಿಗೆ ಅಂತ ಬರೆದರೆ ಕೀ ಆನ್ಸರ್ ಬೇರೆ ಬಂದು ಮಾರ್ಕ್ಸ್ ಹೋಗುತ್ತೆ. ಪರೀಕ್ಷೆಗೆ ಯಾವುದು ಸೇಫ್ ಅಂತ ಯಾರಾದರೂ ಹೇಳಿ ಪ್ಲೀಸ್.

ಬಿಸಿಲೂರು, ರಾಯಚೂರು
ತಮ್ಮಾ, ‘ಜನ್ಮಸ್ಥಳ’ ಅಂತ ಕೇಳಿದ್ರ ಹಿರೇಕೊಡಿಗೆ, ‘ಸ್ವಂತ ಊರು’ ಅಂತ ಕೇಳಿದ್ರ ಕುಪ್ಪಳಿ. ಹೆಸರಿನ್ಯಾಗ ಇರೋ ಕು, ಕುಪ್ಪಳಿದು. ನೋಟ್ಸು ಬಿಟ್ಟು ‘ನೆನಪಿನ ದೋಣಿಯಲ್ಲಿ’ ತಗದು ನೋಡು. ಅವರ ಬರದ ಆತ್ಮಕಥಿ ಅದ.

ಪ್ರಶ್ನೆ ಓದಿದವ
ಪ್ರಶ್ನೆ ಕೇಳಿದವನು ನಾನೇ. ಇಲ್ಲಿ ನನ್ನನ್ನು ಹರಾಜು ಹಾಕುವ ಮೊದಲು ನನ್ನ ಮಾತೂ ಕೇಳಿ. ಕಾರ್ಡಿನಲ್ಲಿ ‘ಹುಟ್ಟಿ’ ಅಂತ ಮಾತ್ರ ಇರಲಿಲ್ಲ, ‘ಹುಟ್ಟಿ ಬೆಳೆದ’ ಅಂತ ಇತ್ತು. ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಈ ಸೀಮೆಯಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದ್ದು ಅಜ್ಜಿ ಮನೆಯಲ್ಲೇ, ಹಾಗಂತ ಅಜ್ಜಿ ಊರನ್ನು ಯಾರೂ ನನ್ನ ಊರು ಎನ್ನುವುದಿಲ್ಲ. ಮನೆ ಎಂದರೆ ಬೆಳೆದ ಮನೆ. ಕವಿಮನೆ ಅಂತ ಜನ ನೋಡಲು ಹೋಗುವುದೂ ಕುಪ್ಪಳಿಗೇ. ಉಳಿದ ನಿರ್ಣಾಯಕರೂ ಅದನ್ನೇ ಒಪ್ಪಿದರು. ತೀರ್ಪು ತೀರ್ಪೇ.

ಗವಿಮಠದ ಓಣಿ, ಕೊಪ್ಪಳ
ಹಂಗಾರ ‘ಬೆಳೆದ ಮನೆ’ ಅಂತಷ್ಟ ಬರೀಬೇಕಿತ್ತಲ್ರಿ ಸರ. ‘ಹುಟ್ಟಿ’ ಅನ್ನೋದು ಚಂದಕ್ಕ ಹಾಕಿದ್ರೇನು?

ತೇರುಬೀದಿ ಹುಡುಗ, ಹರಪನಹಳ್ಳಿ
ಜಿಲ್ಲೆ ಕೇಳೋ ಪ್ರಶ್ನೇನೇ ಹಾಕಬಾರ್ದು ಅಂತ ನಮ್ಮೂರೋರಿಗೆ ಗೊತ್ತು ನೋಡ್ರಿ. ನಗೆಬರಹದ ಬೀಚಿ ಹುಟ್ಟಿದ್ದು ಹರಪನಹಳ್ಳಿ, 1913. ಆಗ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ನಮ್ಮನ್ನ ದಾವಣಗೆರೆಗೆ ಹಾಕಿದ್ರು. 2018ರಲ್ಲಿ ವಾಪಸ್ ಬಳ್ಳಾರಿ. 2021ರಲ್ಲಿ ವಿಜಯನಗರ. ಬೀಚಿ ಮಾತ್ರ ಹುಟ್ಟಿದ ಊರಲ್ಲೇ ಹುಟ್ಟಿದ್ದಾರೆ, ಜಿಲ್ಲೆ ಮಾತ್ರ ಓಡಾಡ್ತಾ ಐತೆ. ಇದನ್ನ ಅವರ ಪಾತ್ರ ತಿಂಮನ ಬಾಯಲ್ಲಿ ಹಾಕಿದ್ರೆ ಒಂದು ಪುಟ ಆಗ್ತಿತ್ತು.

ಕೋಟೆ ಕೆಳಗಿನವ, ಬಳ್ಳಾರಿ
😂😂 ಹಳೇ ಪುಸ್ತಕದಾಗ ಬಳ್ಳಾರಿ, ನಡುವಿನ ಪುಸ್ತಕದಾಗ ದಾವಣಗೆರೆ, ಹೊಸದ್ರಾಗ ವಿಜಯನಗರ. ಮೂರೂ ಸರಿ, ಮೂರೂ ತಪ್ಪು.

ಹಳೇ ಗೆಜೆಟಿಯರ್
ಅದೇ ತೊಡಕು ಕುವೆಂಪು ವಿಷಯದಲ್ಲೂ ಇದೆ, ಯಾರೂ ಎತ್ತಲಿಲ್ಲ. 1904ರಲ್ಲಿ ಚಿಕ್ಕಮಗಳೂರು ಎಂಬ ಹೆಸರಿನ ಜಿಲ್ಲೆಯೇ ಇರಲಿಲ್ಲ, ಇದ್ದದ್ದು ಕಡೂರು ಜಿಲ್ಲೆ. ಆ ಹೆಸರು ಬದಲಾದದ್ದು 1947ರಲ್ಲಿ. ಕವಿ ಹುಟ್ಟಿದ ಹೊತ್ತಿಗೆ ಕೊಪ್ಪ ಇದ್ದದ್ದು ಕಡೂರು ಜಿಲ್ಲೆಯಲ್ಲಿ. ‘ಜಿಲ್ಲೆಯಲ್ಲಿದೆ’ ಎಂದು ಈಗಿನ ಕಾಲದಲ್ಲಿ ಕೇಳಿದ್ದರಿಂದ ಕೊಪ್ಪಳದವರ ಉತ್ತರ ನಿಲ್ಲುತ್ತದೆ. ‘ಜಿಲ್ಲೆಯಲ್ಲಿತ್ತು’ ಎಂದು ಕೇಳಿದ್ದರೆ ಅವರದೂ ಬಿದ್ದುಹೋಗುತ್ತಿತ್ತು.

ನಮ್ಮ ಭಾಗದ ಸಾಹಿತಿಗಳಿಗಂತೂ ಇದು ಹೆಜ್ಜೆಹೆಜ್ಜೆಗೂ ಬರುತ್ತದೆ. ಸಿದ್ಧಯ್ಯ ಪುರಾಣಿಕರು 1918ರಲ್ಲಿ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದಾಗ ನಿಜಾಮರ ಆಳ್ವಿಕೆ, ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅವರು ತೀರಿಕೊಂಡ ಮೇಲೆ. ಅವರು ಬದುಕಿದ್ದಾಗ ‘ಕೊಪ್ಪಳ ಜಿಲ್ಲೆಯ ಕವಿ’ ಎಂದು ಯಾರೂ ಕರೆಯುವ ಹಾಗೇ ಇರಲಿಲ್ಲ. ಊರು ಕೇಳಿ, ಜಿಲ್ಲೆ ಕೇಳಬೇಡಿ. ಊರು ಎಲ್ಲಿಗೂ ಹೋಗುವುದಿಲ್ಲ.

ಬಿಸಿಲೂರು, ರಾಯಚೂರು
ಊರೂ ಹೋಗ್ತಾವ್ರೀ. ತುಂಗಭದ್ರಾ ಡ್ಯಾಮಿನ ನೀರಿನ್ಯಾಗ ಎಷ್ಟು ಊರು ಹೋಗ್ಯಾವ ಕೇಳ್ರಿ ಹೊಸಪೇಟಿ ಕಡಿಯವರನ್ನ.

ಹಳೇ ಗೆಜೆಟಿಯರ್
ಅದೂ ನಿಜ.

ಅಡ್ಡ ಮಾತು
ಮನೆಯನ್ನೇ ಕಟ್ಟಬೇಡ, ಅನಿಕೇತನ ಆಗು ಅಂದ ಕವಿಯ ಮನೆ ಬಗ್ಗೆ ಕ್ವಿಜ್ಜಾ? ಸೂಪರ್.

ಕೋಟೆ ಕೆಳಗಿನವ, ಬಳ್ಳಾರಿ
ಈ ಜೋಕು ಉದ್ಘಾಟನೆ ಭಾಷಣದಾಗೂ ಆತು, ವಂದನಾರ್ಪಣೆಯಾಗೂ ಆತು. ಮುಂದಿನವರು ಬರ್ರಿ.

ಸುಮ್ಮನಿರಲಾರದವ, ಹಗರಿ ದಂಡೆ
ಜಿಲ್ಲೆ ಜಗಳ ಒತ್ತಟ್ಟಿಗಿರಲಿ. ನನಗೆ ಈ ಕ್ವಿಜ್ಜೇ ಸರಿ ಅನಿಸಲಿಲ್ಲ. ಹೆಂಡತಿ ಹೆಸರು, ಮಕ್ಕಳೆಷ್ಟು, ನಾಯಿ ಹೆಸರೇನು, ಮನೆ ಯಾವ ಬಡಾವಣೆ. ಇದು ಸಾಹಿತ್ಯವೇ? ಸಿನಿಮಾ ನಟರ ಬಗ್ಗೆ ಕೇಳುವ ಪ್ರಶ್ನೆಗೂ ಇದಕ್ಕೂ ಏನು ವ್ಯತ್ಯಾಸ? ಕವಿಯ ಪದ್ಯ ಓದಬೇಕು, ಅವರ ಮನೆಯ ಕಿಟಕಿಯಲ್ಲಿ ಇಣುಕುವುದು ನಮ್ಮ ಕೆಲಸ ಅಲ್ಲ. ‘ಮಲೆಗಳಲ್ಲಿ ಮದುಮಗಳು’ ಪೂರ್ತಿ ಓದಿದವರು ಆ ಸಭೆಯಲ್ಲಿ ಎಷ್ಟು ಜನ ಇದ್ದರು, ಕೈ ಎತ್ತಿಸಬೇಕಿತ್ತು.

ಕಂಪ್ಲಿ ಮೇಷ್ಟ್ರು
ಮೇಲಿನ ಮಾತಿಗೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಬೇಜಾರಾದರೆ ದಾಟಿಸಿ ಮುಂದೆ ಹೋಗಿ.

ಆ ದಿನದ ಪ್ರಶ್ನೆಗಳಲ್ಲಿ ಸಪ್ಪೆಯವು ಇದ್ದವು, ಒಪ್ಪಿದೆ. ಆದರೆ ಎರಡು ಪ್ರಶ್ನೆ ಮರೆಯುವ ಹಾಗಿಲ್ಲ. ಒಂದು ನೀವು ಅಣಕಿಸಿದ ನಾಯಿಯ ಪ್ರಶ್ನೆಯೇ. ‘ಈ ಮನೆತನದ ಮನೆಯೊಂದರಲ್ಲಿ ನಿಜವಾಗಿ ಸಾಕಿದ್ದ ನಾಯಿ ಯಾವುದು: ಹುಲಿಯ, ಕಿವಿ?’ ರಾಯಚೂರಿನ ಒಂದು ತಂಡದ ಹುಡುಗಿ ಬಜರಿನ ಮೇಲೆ ಬೆರಳಿಟ್ಟು ತೆಗೆದಳು, ಇಟ್ಟು ತೆಗೆದಳು, ಕೊನೆಗೆ ಕಣ್ಣು ಮುಚ್ಚಿ ಒತ್ತಿದಳು. ಹುಲಿಯ ಅಂದಳು. ಹುಲಿಯ ಅನ್ನುವುದು ಕುವೆಂಪು ಕಾದಂಬರಿಯಲ್ಲಿ ಬರುವ ನಾಯಿಗುತ್ತಿಯ ನಾಯಿ. ಕಿವಿ ಕುವೆಂಪು ಮಗ ತೇಜಸ್ವಿಯವರು ಸಾಕಿದ್ದ ಸ್ಪ್ಯಾನಿಯಲ್, ‘ಪರಿಸರದ ಕತೆ’ಯಲ್ಲಿ ಬರುತ್ತದೆ. ಉತ್ತರ ತಪ್ಪಾದರೂ ಅವಳು ‘ಮಲೆಗಳಲ್ಲಿ ಮದುಮಗಳು’ ಓದಿದ್ದಾಳೆ ಅಂತ ನನಗೆ ಖಾತ್ರಿಯಾಯಿತು. ಆ ನಾಯಿ ಅವಳಿಗೆ ಸಾಕಿದ ನಾಯಿಯಷ್ಟೇ ನಿಜ. ನೀವು ಕೈ ಎತ್ತಿಸಬೇಕಿತ್ತು ಅಂದಿರಲ್ಲ, ಒಂದು ಕೈ ಅಲ್ಲೇ ಎತ್ತಿತ್ತು.

ಎರಡನೆಯದು ಇನ್ನೂ ಜಾಣ ಪ್ರಶ್ನೆ. ‘ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ಕುವೆಂಪು ತಮ್ಮ ಯಾವ ಮಗುವಿಗಾಗಿ ಬರೆದರು?’ ನಾಲ್ಕು ಮಕ್ಕಳ ಹೆಸರು ಆಯ್ಕೆಯಲ್ಲಿ ಕೊಟ್ಟಿದ್ದರು: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಐದನೆಯದು ‘ಯಾರಿಗಾಗಿಯೂ ಅಲ್ಲ’. ಎಲ್ಲ ತಂಡದವರೂ ತೇಜಸ್ವಿ ಅಂತ ಬಿದ್ದರು, ಸಿರುಗುಪ್ಪದವರೊಬ್ಬರು ಬಿಟ್ಟು. ಕಿಂದರಿಜೋಗಿ 1920ರ ದಶಕದ ಪದ್ಯ. ಹೇಮಾವತಿಯವರ ಜೊತೆ ಮದುವೆಯಾದದ್ದು 30 ಏಪ್ರಿಲ್ 1937. ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್. ಅಂದರೆ ಕನ್ನಡದ ಮಕ್ಕಳೆಲ್ಲ ಹಾಡಿದ ಪದ್ಯವನ್ನು ಬರೆದಾಗ ಕವಿ ಮದುವೆಯಾಗದ ಹುಡುಗ. ಮೈಸೂರಿನ ರಾಮಕೃಷ್ಣ ಆಶ್ರಮದಲ್ಲಿ ಸಿದ್ಧೇಶ್ವರಾನಂದರ ನೆರಳಿನಲ್ಲಿ ವರ್ಷಗಟ್ಟಲೆ ಇದ್ದವರು ಅವರು. ಸಂಸಾರದ ಗಂಧವಿಲ್ಲದ ಕಾಲದ ಪದ್ಯಕ್ಕೆ ನಾವು ಹಿಂದಿನಿಂದ ಒಂದು ತೊಟ್ಟಿಲು ಕಟ್ಟಿಬಿಟ್ಟಿದ್ದೇವೆ. ಮನೆಯ ಇಸವಿ ಗೊತ್ತಿದ್ದರೆ ಪದ್ಯವನ್ನು ಬೇರೆ ಥರ ಓದುತ್ತೀರಿ. ಇದನ್ನು ಇಣುಕುವುದು ಅಂತ ನಾನು ಕರೆಯಲಾರೆ.

ಸಪ್ಪೆ ಪ್ರಶ್ನೆ ಅಂದರೆ ಉತ್ತರ ಬಂದ ಮೇಲೆ ಮುಂದಕ್ಕೆ ಏನೂ ತೋಚದ್ದು. ‘ಮೈಸೂರಿನ ಮನೆಯ ಹೆಸರೇನು?’ ಉದಯರವಿ. ಸರಿ, ಮುಂದೆ? ಅದೇ ಪ್ರಶ್ನೆಯನ್ನು ‘ಒಂಟಿಕೊಪ್ಪಲಿನ ಆ ಮನೆಯ ಹೆಸರು ಅವರ ಪುಸ್ತಕಗಳ ಮೇಲೆ ಎಲ್ಲಿ ಕಾಣುತ್ತದೆ?’ ಅಂತ ಕೇಳಿ ನೋಡಿ. ಹುಡುಗರು ಪುಸ್ತಕದ ಮೊದಲ ಪುಟ ತೆಗೆದು ಪ್ರಕಾಶನದ ಹೆಸರು ಹುಡುಕುತ್ತಾರೆ.

ಸುಮ್ಮನಿರಲಾರದವ, ಹಗರಿ ದಂಡೆ
ಕಿಂದರಿಜೋಗಿ ಪ್ರಶ್ನೆ ಚೆನ್ನಾಗಿದೆ. ಅದು ಮನೆ ಪ್ರಶ್ನೆ ಅಂತ ನಾನು ಒಪ್ಪಲ್ಲ, ಪದ್ಯದ ಪ್ರಶ್ನೆ. ಇಂಥವು ಇಪ್ಪತ್ತಿದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಇದ್ದದ್ದು ಎರಡು.

ಓದುಗಿ, ಗಂಗಾವತಿ
ನನ್ನ ತಕರಾರು ಬ್ಯಾರೇನ ಐತಿ. ಮನಿ ಬಗ್ಗೆ ಕ್ವಿಜ್ ಅಂತ ಹೆಸರು. ಮನಿ ನಡೆಸಿದಾಕಿ ಬಗ್ಗೆ ಎಷ್ಟು ಪ್ರಶ್ನೆ? ಒಂದ. ‘ಧರ್ಮಪತ್ನಿಯ ಹೆಸರೇನು.’ ಹೇಮಾವತಿ, ಹತ್ತು ಮಾರ್ಕ್ಸ್, ಚಪ್ಪಾಳೆ, ಮುಂದ. ದೇವಂಗಿ ರಾಮಣ್ಣಗೌಡರ ಮಗಳು ಅನ್ನೋದು ಸುದ್ದಾ ಬರಲಿಲ್ಲ. ಸಾಹೇಬ್ರು ಪ್ರೊಫೆಸರ್ ಆದ್ರು, ಪ್ರಿನ್ಸಿಪಾಲ್ ಆದ್ರು, ಕುಲಪತಿ ಆದ್ರು. ಹಂತಾ ದೊಡ್ಡ ಕಾವ್ಯ ಬರದು ಮುಗಿಸಿದ್ರು. ಆ ವರ್ಷಗಳಾಗ ನಾಲ್ಕು ಮಕ್ಕಳ ಊಟ, ಜಡ್ಡು, ಸಾಲಿ, ಬಂದ ಮಂದಿಯ ಚಾ, ಎಲ್ಲಾ ಯಾರ ಕೈಯಾಗ ನಡೀತು? ಅದನ್ನ ಕೇಳಾಕ ಪ್ರಶ್ನೆ ಸಿಗಲಿಲ್ಲೇನು?

ಪುಸ್ತಕ ಇಲ್ಲ ಅನ್ನೋ ಹಂಗಿಲ್ಲ. ಮಗಳು ತಾರಿಣಿಯವರು ‘ಮಗಳು ಕಂಡ ಕುವೆಂಪು’ ಬರದಾರ. ಸೊಸಿ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಬರದಾರ. ಆದ್ರ ಆ ದಿನ ಪ್ರಶ್ನೆ ತಗದದ್ದು ಬಹಳಷ್ಟು ತೇಜಸ್ವಿಯವರ ‘ಅಣ್ಣನ ನೆನಪು’ ಒಂದರಿಂದ. ಛಲೋ ಪುಸ್ತಕ, ನಾನೂ ಬಹಳ ಸಲ ಓದೀನಿ. ಆದ್ರ ಮಗ ಕಂಡ ಮನಿನ ಬ್ಯಾರೆ, ಮಗಳು ಕಂಡ ಮನಿನ ಬ್ಯಾರೆ. ಅಡಗಿಮನಿ ಬಾಗಲದಾಗ ನಿಂತು ನೋಡಿದವರಿಗೆ ಪಡಸಾಲಿಯಾಗ ಕುಂತವರಿಗೆ ಕಾಣದ್ದು ಕಾಣ್ತದ.

ಕಂಪ್ಲಿ ಮೇಷ್ಟ್ರು
ಅಕ್ಕಾರ, ಇದು ಸರಿಯಾದ ಮಾತು. ಮಂತ್ರಮಾಂಗಲ್ಯದ ಪ್ರಶ್ನೆಯೂ ಹಾಗೇ ಆಯಿತು ನೋಡಿ. ‘ಯಾವ ಇಸವಿ?’ 1966. ಅಲ್ಲಿಗೆ ಮುಗಿಸಿದರು. ಪುರೋಹಿತರಿಲ್ಲದೆ, ವರದಕ್ಷಿಣೆ-ಮುಹೂರ್ತ ಇಲ್ಲದೆ ಕುವೆಂಪು ಮಗನ ಮದುವೆ ಮಾಡಿಸಿದರು. ಆ ಮದುವೆಯಲ್ಲಿ ವಧು ಇದ್ದರಲ್ಲ, ರಾಜೇಶ್ವರಿಯವರು ಅದನ್ನು ಹೇಗೆ ನೆನೆಯುತ್ತಾರೆ ಅಂತ ಕೇಳಿದ್ದರೆ ಸಭೆಯೇ ಬೇರೆ ಆಗುತ್ತಿತ್ತು.

ಪ್ರಶ್ನೆ ಓದಿದವ
ಮೇಡಂ, ನೀವು ಹೇಳಿದ ಥರದ ಪ್ರಶ್ನೆಗೆ ಒಂದೇ ಪದದ ಉತ್ತರ ಇರುವುದಿಲ್ಲ. ಬಜರ್ ಸುತ್ತಿನಲ್ಲಿ ‘ಆ ಮನೆ ಹೇಗೆ ನಡೆಯಿತು’ ಅಂತ ಕೇಳಿದರೆ ನಿರ್ಣಾಯಕರು ಏನನ್ನು ಅಳೆಯಬೇಕು? ಮಾರ್ಕ್ಸ್ ಕೊಡಬೇಕಾದರೆ ಉತ್ತರ ಮುಟ್ಟುವ ಹಾಗಿರಬೇಕು.

ಓದುಗಿ, ಗಂಗಾವತಿ
ಮುಟ್ಟುವ ಹಂಗ ಕೇಳಬಹುದ್ರಿ. ತಾರಿಣಿಯವರ ಪುಸ್ತಕದಿಂದ ಹತ್ತು ಸಾಲು ಓದ್ರಿ, ‘ಇಲ್ಲಿ ಹೇಳ್ತಿರೋದು ಯಾರ ಬಗ್ಗೆ’ ಅಂತ ಕೇಳ್ರಿ. ಒಂದ ಪದದ ಉತ್ತರ. ಸಭಾದಾಗ ಕುಂತ ಮಂದಿಗೆ ಹತ್ತು ಸಾಲು ಕೇಳಿದ ಲಾಭ.

ಕೋಟೆ ಕೆಳಗಿನವ, ಬಳ್ಳಾರಿ
ಓದಿಸೋ ಸುತ್ತು ಅಂದ್ರ ನಾನು ಓಟ್ ಹಾಕ್ತೀನಿ. ಆ ದಿನದ ‘ದೃಶ್ಯ ಸುತ್ತು’ ನೋಡಿದ್ರಲ್ಲ, ಪ್ರೊಜೆಕ್ಟರ್ ಬೆಳಕಿಗೆ ಕಿಟಕಿ ಪರದೆ ಸಾಲದೆ ಕುಪ್ಪಳಿ ಮನೆ ಮಂಜಿನಾಗ ಮುಳುಗಿದಂಗ ಕಾಣ್ತಿತ್ತು. ಮಲೆನಾಡು ಅಂದ್ಮೇಲೆ ಮಂಜು ಇರಬೇಕು ಅಂತ ಯಾರೋ ಹಿಂದಿನಿಂದ ಅಂದ್ರು.

ಬಸ್ ಪಾಸ್, ಸಂಡೂರು
ಕುಪ್ಪಳಿಗೆ ನಾವು ಕಾಲೇಜ್ ಟೂರಲ್ಲಿ ಹೋಗಿದ್ವಿ. ಫೋಟೊದಲ್ಲಿ ಆ ಮನೆ ಅರ್ಥ ಆಗಲ್ಲ. ನಮ್ಮ ಕಡೆ ಮಣ್ಣಿನ ಮಾಳಿಗೆ, ಗವಾಕ್ಷಿಯಿಂದ ಒಂದು ಕೋಲು ಬೆಳಕು ಬೀಳೋ ಮನೆ ನೋಡಿ ಬೆಳೆದವರಿಗೆ ಅದು ಬೇರೆ ಲೋಕ. ನಡುವೆ ಅಂಗಳ, ಸುತ್ತ ಮರದ ಕಂಬ, ಮೇಲೆ ಉಪ್ಪರಿಗೆ, ಅದರ ಮೇಲೆ ಇನ್ನೊಂದು. ಮರದ ಮೆಟ್ಟಿಲು ಹತ್ತುವಾಗ ತಲೆ ಬಗ್ಗಿಸಬೇಕು. ಬಚ್ಚಲಲ್ಲಿ ನಮ್ಮ ಜೊತೆ ಬಂದಿದ್ದ ಕುರುಗೋಡಿನ ಹುಡುಗ ಹಂಡೆ ನೋಡಿ ‘ಇಷ್ಟು ನೀರು ಒಬ್ಬರ ಸ್ನಾನಕ್ಕಾ?’ ಅಂದ. ಅವನ ಮನೇಲಿ ನಲ್ಲಿ ನೀರು ಬರೋದು ವಾರಕ್ಕೊಮ್ಮೆ.

ಕುವೆಂಪು ಮದುವೆಯ ಮಂಟಪ ಅಲ್ಲೇ ಇಟ್ಟಿದ್ದಾರೆ. 2015ರ ನವೆಂಬರಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿ ಪದಕಗಳನ್ನ ಹೊತ್ತೊಯ್ದಿದ್ದೂ ಆ ಮನೆಯಿಂದಲೇ, ಪೇಪರಲ್ಲಿ ದೊಡ್ಡ ಸುದ್ದಿ ಆಗಿತ್ತು. ಮೇಲೆ ಗುಡ್ಡದಲ್ಲಿ ಕವಿಶೈಲ. ಅಲ್ಲಿನ ಬಂಡೆ ಮೇಲೆ ಬಿಎಂಶ್ರೀ, ವೆಂಕಣ್ಣಯ್ಯ, ಕುವೆಂಪು ಹೆಸರಿನ ಅಕ್ಷರ ಕೆತ್ತಿದ್ದಾರೆ.

ಬಿಸಿಲೂರು, ರಾಯಚೂರು
ವೆಂಕಣ್ಣಯ್ಯ ಅಂದ್ರಲ್ಲ, ಇದ ಒಂದು ಪ್ರಶ್ನಿ ಆಗ್ತದ ನೋಡ್ರಿ. ‘ಶ್ರೀ ರಾಮಾಯಣ ದರ್ಶನಂ ಅರ್ಪಣಿ ಮಾಡಿದ್ದು ಮನಿಯೊಳಗ ಯಾರಿಗೆ?’ ಹೆಂಡ್ತಿ ಅಂತಾರ, ತಾಯಿ ಅಂತಾರ, ಮಗ ಅಂತಾರ. ಉತ್ತರ: ಮನಿಯವರಿಗಲ್ಲ, ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ.

ಪಿಡಿಒ ಆಗೇ ಆಗ್ತೀನಿ, ಸಿಂಧನೂರು
ಇದು ಪರೀಕ್ಷೆಗೂ ಬರುತ್ತೆ, ನೋಟ್ ಮಾಡ್ಕೊಂಡೆ. ಥ್ಯಾಂಕ್ಸ್ ಸರ್.

ತೇರುಬೀದಿ ಹುಡುಗ, ಹರಪನಹಳ್ಳಿ
ಎಲ್ಲ ಸರಿ, ಒಂದು ಕೇಳ್ತೀನಿ. ಬಳ್ಳಾರಿಯಲ್ಲಿ ಕ್ವಿಜ್ ಮಾಡೋರಿಗೆ ಬೀಚಿ ಕಣ್ಣಿಗೆ ಕಾಣಲ್ವಾ? ಮಲೆನಾಡಿನ ಉಪ್ಪರಿಗೆ ಲೆಕ್ಕ ಹಾಕ್ತೀವಿ, ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡ್ಕೊಂಡು ನಗಿಸಿದ ನಮ್ಮ ಮನುಷ್ಯನ ಬಗ್ಗೆ ಒಂದು ಪ್ರಶ್ನೆ ಇಲ್ಲ. ರಾಯಸಂ ಭೀಮಸೇನರಾವ್ ಅಂದ್ರೆ ಬೀಚಿ ಅಂತ ಈಗಿನ ಹುಡುಗ್ರಿಗೆ ಗೊತ್ತಿಲ್ಲ. ಬೀ ಕನ್ನಡ ಅಕ್ಷರ, ಚಿ ಇಂಗ್ಲಿಷ್ ಅಕ್ಷರದಲ್ಲಿ ಬರೀತಿದ್ರು ಅಂದ್ರೆ ನಂಬಲ್ಲ. ಕನ್ನಡದ ಕಡೆ ತಲೆ ಹಾಕದಿದ್ದವರು ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿ ಈ ಕಡೆ ಹೊರಳಿದರು. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಅಂತ ಹೆಸರಿಟ್ಟರು. ಮನೆ ಕ್ವಿಜ್‌ಗೆ ಇದಕ್ಕಿಂತ ಸರಕು ಬೇಕಾ?

ಓದುಗಿ, ಗಂಗಾವತಿ
ಗಂಗಾವತಿಯಾಗ ಬೀಚಿ ಹೆಸರು ಮರತಿಲ್ರಿ. ನಮ್ಮ ಪ್ರಾಣೇಶ್ ಅವರು ವೇದಿಕೆ ಮ್ಯಾಲೆ ನಿಂತ್ರ ಮೊದಲು ಬರೋದು ಅವರ ತಿಂಮನ. ಆದ್ರ ಕೇಳಿ ನಗೋರು ಸಾವಿರ, ಪುಸ್ತಕ ಓದೋರು ಎಲ್ಲಿದಾರ.

ಬಿಸಿಲೂರು, ರಾಯಚೂರು
ಬೀಚಿ ಅಂದ್ರ ನಂದೂ ಒಂದು ಅರ್ಜಿ ಅದ: ಶಾಂತರಸರು. ಹೆಂಬೆರಾಳದವರು, ಕನ್ನಡದಾಗ ಗಜಲ್ ಬೆಳಸಿದವರು. ಮಗಳು ಮುಕ್ತಾಯಕ್ಕನವರೂ ಗಜಲ್ ಬರದಾರ. ತಂದಿ-ಮಗಳು ಇಬ್ಬರೂ ಅದೇ ಕಾವ್ಯಪ್ರಕಾರ ಹಿಡದದ್ದು ಕನ್ನಡದಾಗ ಎಷ್ಟು ಮನಿಯೊಳಗ ಅದ? ಇದಕ್ಕಿಂತ ಮನಿ-ಸಾಹಿತ್ಯದ ಪ್ರಶ್ನಿ ಎಲ್ಲಿ ಹುಡುಕ್ತೀರಿ? ಒಂದು ಶೇರು, ಅಂದ್ರ ಗಜಲಿನ ಎರಡು ಸಾಲು, ಓದ್ರಿ, ತಂದಿದೋ ಮಗಳದೋ ಹೇಳ್ರಿ ಅಂತ ಕೇಳ್ರಿ. ರಾಯಚೂರಿನವರಿಗೆ ಬೆವರು ಇಳೀತದ.

ಗವಿಮಠದ ಓಣಿ, ಕೊಪ್ಪಳ
ಹಂಗಾರ ಕೊಪ್ಪಳದಿಂದ ಪುರಾಣಿಕರ ಮನಿ. ತಂದಿ ಕಲ್ಲಿನಾಥ ಶಾಸ್ತ್ರಿಗಳು ಪಂಡಿತರು. ಸಿದ್ಧಯ್ಯನವರು ‘ಕಾವ್ಯಾನಂದ’ ಅಂತ ಬರದು, ಸರಕಾರದ ದೊಡ್ಡ ಹುದ್ದಿಯಾಗಿದ್ರು. ‘ಮೊದಲು ಮಾನವನಾಗು’ ಯಾವ ಸಾಲಿಗೆ ಹೋದ್ರೂ ಗೋಡಿ ಮ್ಯಾಲೆ ಐತಿ, ಬರದವರ ಹೆಸರು ಕೆಳಗಿರೋದಿಲ್ಲ.

ಮತ್ತ ನನ್ನ ಮೂಲ ಪ್ರಶ್ನೆ ಎಲ್ಲರೂ ಮರತ್ರಿ.

ಹಳೇ ಗೆಜೆಟಿಯರ್
ಮರೆತಿಲ್ಲ. ಮೂರು ಸಾಲಿನಲ್ಲಿ ನನ್ನ ಅಭಿಪ್ರಾಯ. ಕೊಪ್ಪಳದವರಿಗೆ ಕಳೆದ ಐದು ಮಾರ್ಕ್ಸ್ ವಾಪಸ್ ಕೊಡಬೇಕು, ಏಕೆಂದರೆ ‘ಹುಟ್ಟಿ’ ಎಂಬ ಮಾತು ಕಾರ್ಡಿನಲ್ಲಿದೆ ಮತ್ತು ಆ ಅರ್ಧಕ್ಕೆ ಅವರ ಉತ್ತರ ಸರಿ. ಬಳ್ಳಾರಿಯವರ ಹತ್ತನ್ನು ಕಸಿಯಬಾರದು, ಏಕೆಂದರೆ ಇನ್ನರ್ಧಕ್ಕೆ ಅವರದು ಸರಿ. ಆಗಲೂ ಬಳ್ಳಾರಿಯವರೇ ಐದರಿಂದ ಮುಂದಿರುತ್ತಾರೆ.

ಗವಿಮಠದ ಓಣಿ, ಕೊಪ್ಪಳ
ಅಲ್ರಿ, ನಮ್ಮ ಅರ್ಧಕ್ಕ ಬರೀ ಮಾಫಿ, ಅವರ ಅರ್ಧಕ್ಕ ಪೂರಾ ಹತ್ತಾ? ಇದ್ಯಾವ ಸೀಮಿ ಲೆಕ್ಕ?

ಕೋಟೆ ಕೆಳಗಿನವ, ಬಳ್ಳಾರಿ
ಬಳ್ಳಾರಿ ಸೀಮಿ ಲೆಕ್ಕ 😄

ಪ್ರಶ್ನೆ ಓದಿದವ
ಸಂಘಟಕರ ಜೊತೆ ಮಾತಾಡಿದೆ. ಫಲಿತಾಂಶ ಬದಲಾಗುವುದಿಲ್ಲ, ಫಲಕ ಕೊಟ್ಟಾಗಿದೆ. ಕೊಪ್ಪಳ ತಂಡಕ್ಕೂ ಅದೇ ಪುಸ್ತಕಗಳ ಕಟ್ಟು ಕಳಿಸುತ್ತೇವೆ, ವಿಳಾಸ ವಾಟ್ಸ್ಆ್ಯಪ್ ಮಾಡಿ, ಇಲ್ಲಿ ಹಾಕಬೇಡಿ. ಮುಂದಿನ ಸಲಕ್ಕೆ ನಿಯಮ: ಪ್ರತಿ ಕಾರ್ಡಿನ ಹಿಂದೆ ಪುಸ್ತಕದ ಹೆಸರು, ಪುಟ ಸಂಖ್ಯೆ ಬರೆದಿರಬೇಕು. ತಂಡದವರು ತಕರಾರು ತೆಗೆದರೆ ಪುಸ್ತಕ ಅಲ್ಲೇ ತೆಗೆದು ತೋರಿಸಬೇಕು. ಅಂತರ್ಜಾಲದಲ್ಲಿ ಇತ್ತು ಅಂದರೆ ನಡೆಯುವುದಿಲ್ಲ, ನನಗೂ ನಡೆಯುವುದಿಲ್ಲ. ಜಿಲ್ಲೆ ಪ್ರಶ್ನೆ ಬಂದ್.

ಗವಿಮಠದ ಓಣಿ, ಕೊಪ್ಪಳ
ಪುಸ್ತಕ ಬಂದ್ರ ಛಲೋ. ತೀರ್ಪು ಒಪ್ಪಿಲ್ಲ ಅಂತ ಬರದಿಟ್ಕೋರಿ. ಪುಟ ಸಂಖ್ಯೆ ನಿಯಮಕ್ಕ ನನ್ನ ಸಹಿ ಐತಿ. ಆದ್ರ ಮುದ್ರಣ ಯಾವುದು ಅಂತನೂ ಬರೀಬೇಕ್ರಿ. ಹಳೇ ಮುದ್ರಣದ ಪುಟ ಹೊಸದ್ರಾಗ ಸಿಗೂದಿಲ್ಲ, ಅದಕ್ಕೂ ಒಂದು ಜಗಳ ಆಗ್ತದ.

ಕಂಪ್ಲಿ ಮೇಷ್ಟ್ರು
ಮುಂದಿನ ಸಲದ ಪುಸ್ತಕ ಹುಡುಕುವ ಕೆಲಸ ಈಗಲೇ ಹಂಚಿಕೊಳ್ಳೋಣ. ‘ನನ್ನ ಭಯಾಗ್ರಫಿ’ ಹರಪನಹಳ್ಳಿಯವರು ನೋಡಿಕೊಳ್ಳಲಿ. ಶಾಂತರಸರು, ಮುಕ್ತಾಯಕ್ಕನವರ ಸಂಕಲನಗಳು ರಾಯಚೂರಿಗೆ. ಪುರಾಣಿಕರದು ಕೊಪ್ಪಳಕ್ಕೆ. ಗ್ರಂಥಾಲಯದಲ್ಲಿ ಸಿಕ್ಕಿದರೆ ಅಲ್ಲೇ ಕೂತು ಟಿಪ್ಪಣಿ ಮಾಡಿ, ಮನೆಗೆ ತಂದು ಮರೆಯಬೇಡಿ.

ತೇರುಬೀದಿ ಹುಡುಗ, ಹರಪನಹಳ್ಳಿ
ನಮ್ಮ ತಾತನ ಟ್ರಂಕಲ್ಲಿ ಬೀಚಿ ಪುಸ್ತಕ ಒಂದಷ್ಟು ಐತೆ, ಗೆದ್ದಲು ಬಿಟ್ಟಿದ್ದಷ್ಟು. ಭಯಾಗ್ರಫಿ ಇದ್ರೆ ಭಾನುವಾರ ತೆಗೆದು ನೋಡಿ ಹೇಳ್ತೀನಿ.

ಓದುಗಿ, ಗಂಗಾವತಿ
ಮಕ್ಕಳ ಸುತ್ತು ಒಂದು ಇಡ್ರಿ. ಕಿಂದರಿಜೋಗಿ ಪೂರಾ ಬಾಯಿಲೆ ಹೇಳೋ ಹುಡುಗ್ರು ನಮ್ಮ ಸಾಲಿಯಾಗ ಇದಾರ, ಕರಕೊಂಡು ಬರ್ತೀನಿ. ಆ ಸುತ್ತು ಮಾತ್ರ ಊಟಕ್ಕಿಂತ ಮೊದಲ ಮುಗಿಸ್ರಿ, ಹುಡುಗ್ರನ್ನ ಕತ್ತಲಾಗೋದ್ರೊಳಗ ಮನಿ ಮುಟ್ಟಿಸಬೇಕು. ಮತ್ತ ಮಿರ್ಚಿ ಖಾರ ಕಡಿಮಿ ಹಾಕಸ್ರಿ.